ವೇದಿಕೆಗೆ ಎಷ್ಟು ಮೆಟ್ಟಿಲು?

ಕಲಬುರಗಿ

ಚಿ. ತಮ್ಮನಿಗೆ ಕಾಕಾನ ಆಶೀರ್ವಾದಗಳು.

ನಿನ್ನ ಫೋನ್ ಬಂದಾಗ ಸಂತೆಯ ಗದ್ದಲದಲ್ಲಿದ್ದೆ, ಸರಿಯಾಗಿ ಮಾತಾಡಲು ಆಗಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಸೆಪ್ಟೆಂಬರ್ 17ಕ್ಕೆ ಧ್ವಜ ಏರಿಸಿದ ಮೇಲೆ, ಸೈನ್ಯದಲ್ಲಿದ್ದು ಕಾಲು ಕಳೆದುಕೊಂಡ ನಮ್ಮ ಹವಾಲ್ದಾರ್ ಮಾಮಾನಿಗೆ ಸನ್ಮಾನ ಮಾಡ್ತೀವಿ ಅಂದೆಯಲ್ಲ, ಬಹಳ ಖುಷಿಯಾಯಿತು. ದಿನವೂ ಒಪ್ಪುವಂಥದ್ದೇ. 1948ರಲ್ಲಿ ಸೈನ್ಯ ಬಂದು ಐದು ದಿನದಲ್ಲಿ ನಿಜಾಮನ ಆಡಳಿತ ಮುಗಿಸಿದ್ದಕ್ಕೇ ಅಲ್ವಾ ನಾವು ಆ ದಿನ ಧ್ವಜ ಏರಿಸುವುದು? ಭಾಷಣದಲ್ಲಿ ಸರ್ದಾರ್ ಪಟೇಲರ ಹೆಸರು ಬರುತ್ತದೆ, ಸಿಪಾಯಿಯದು ಬರುವುದಿಲ್ಲ.

ಆದರೆ ಶಾಮಿಯಾನದವನಿಗೆ ಮುಂಗಡ ಕೊಡುವ ಮುಂಚೆ ನನ್ನದೊಂದು ತಪ್ಪು ಕೇಳು. ನಾನು ಮಾಸ್ತರನಾಗಿದ್ದಾಗ ಇಂಥದ್ದೇ ಕಾರ್ಯಕ್ರಮ ಇಟ್ಟಿದ್ದೆ. ಆ ಸೈನಿಕರಿಗೆ ಒಂದು ಕೈ ಇರಲಿಲ್ಲ, ಕಾಲಿಗೂ ಪೆಟ್ಟಾಗಿತ್ತು. ಹತ್ತು ಗಂಟೆಗೆ ಕರೆದೆವು. ಮುಖ್ಯ ಅತಿಥಿ ಬಂದದ್ದು ಒಂದೂವರೆಗೆ. ಅಲ್ಲಿವರೆಗೂ ಅವರು ಬಿಸಿಲಲ್ಲಿ ಪ್ಲಾಸ್ಟಿಕ್ ಕುರ್ಚಿ ಮೇಲೆ. ನಮ್ಮ ಕಡೆ ಬಿಸಿಲು ನಿನಗೆ ಗೊತ್ತಲ್ಲ. ವೇದಿಕೆಗೆ ಏಳು ಮೆಟ್ಟಿಲು. ಇಬ್ಬರು ಹುಡುಗರು ರಟ್ಟೆ ಹಿಡಿದು ಹತ್ತಿಸಿದರು, ಜನ ಚಪ್ಪಾಳೆ ಹೊಡೆದರು. ಶಾಲು, ಹಾರ, ಫಲಕ, ಹಣ್ಣಿನ ಬುಟ್ಟಿ ಎಲ್ಲ ಒಂದರ ಮೇಲೊಂದು ಕೊಟ್ಟೆವು. ಇರುವುದು ಒಂದೇ ಕೈ. ಬುಟ್ಟಿ ಜಾರಿತು, ಸೇಬು ಉರುಳಿದವು. ಅವರು ಬಗ್ಗಿ ಆರಿಸಲು ಹೋದರು. ನಾವೆಲ್ಲ ಕ್ಯಾಮೆರಾ ನೋಡುತ್ತ ನಿಂತಿದ್ದೆವು. ಆ ಫೋಟೋ ಇನ್ನೂ ಮನೆಯಲ್ಲಿದೆ. ನಾನು ತೆಗೆದು ನೋಡುವುದಿಲ್ಲ.

ಮುರಳೀಕಾಂತ ಪೇಟ್ಕರ್ ಹೆಸರು ಕೇಳಿದ್ದೀಯಾ? 1965ರ ಯುದ್ಧದಲ್ಲಿ ಗುಂಡು ತಿಂದ ಸಿಪಾಯಿ. 1972ರಲ್ಲಿ ಜರ್ಮನಿಯ ಹೈಡೆಲ್‌ಬರ್ಗ್‌ನಲ್ಲಿ ಈಜಿ, ಪ್ಯಾರಾಲಿಂಪಿಕ್ಸ್‌ನಲ್ಲಿ ದೇಶಕ್ಕೆ ಮೊದಲ ಚಿನ್ನ ತಂದವರು. ಪದ್ಮಶ್ರೀ ಬಂದದ್ದು 2018ರಲ್ಲಿ. ನಡುವೆ 46 ವರ್ಷ! ನಾವು ಕಾಯಿಸುವುದರಲ್ಲಿ ಮೊದಲಿಂದಲೂ ಗಟ್ಟಿ.

ಹಾಗಾಗಿ ಮೊದಲು ಮಾಮಾನ ಮನೆಗೆ ಹೋಗು. ಹುಡುಗರ ದಂಡು ಕಟ್ಟಿಕೊಂಡು ಬೇಡ, ಒಬ್ಬನೇ ಹೋಗಿ ಚಹಾ ಕುಡಿದು ಕೇಳು. ಬೇಡ ಅಂದರೆ ಒತ್ತಾಯ ಮಾಡಬೇಡ. ಹೂಂ ಅಂದರೆ ರೆಜಿಮೆಂಟು, ಸೇವೆಯ ವರ್ಷ ಬರೆದುಕೊಂಡು ಬಾ. ಬ್ಯಾನರಿನಲ್ಲಿ ಸುಮ್ನೆ ‘ವೀರಯೋಧ’ ಅಂತ ಹಾಕಿಬಿಡಬೇಡ. ಶತ್ರುವಿನಿಂದ ಗಾಯವಾದವರಿಗೆ ಪರಾಕ್ರಮ ಪದಕ ಅಂತ ಬೇರೆಯೇ ಪದಕ ಇದೆ. ಅವರ ಟ್ರಂಕಿನಲ್ಲಿ ಅದಿದ್ದರೆ, ಹಾಕಿಕೊಳ್ಳುವುದು ಬಿಡುವುದು ಅವರಿಷ್ಟ. ಕಾಲು ಹೇಗೆ ಹೋಯ್ತು ಅಂತ ಮೈಕಿನಲ್ಲಿ ಯಾರೂ ಕೇಳಕೂಡದು. ಪಟಾಕಿಯಂತೂ ಬೇಡವೇ ಬೇಡ. ದೀಪಾವಳಿಯಲ್ಲಿ ಅವರು ಬಾಗಿಲು ಹಾಕಿಕೊಂಡು ಕೂರುವುದನ್ನು ನೀನೇ ನೋಡಿದ್ದೀಯಲ್ಲ.

ವೇದಿಕೆ ಯಾಕೆ ಬೇಕು? ಧ್ವಜದ ಕಟ್ಟೆಯ ಕೆಳಗೆ, ಎಲ್ಲರ ನಡುವೆ ಒಳ್ಳೆಯ ಕುರ್ಚಿ ಹಾಕಿ. ಉಳಿದ ದುಡ್ಡಿನಲ್ಲಿ ಪಂಚಾಯ್ತಿ ಬಾಗಿಲಿಗೆ ಒಂದು ಇಳಿಜಾರು ಕಟ್ಟಿಸಿ. ಮಾಮಾ ಏನಾದರೂ ಕಾಗದಕ್ಕೆ ಬಂದರೆ ಈಗ ಕೆಳಗೇ ನಿಂತು ಒಳಗಿನವರನ್ನು ಕೂಗುತ್ತಾರೆ. ಹಾರ ಹಾಕಿಸಿಕೊಂಡ ಮರುದಿನವೂ ಹಾಗೇ ಕೂಗುವಂತಾದರೆ ಏನು ಚಂದ?

ಬಾಗಿಲ ಮೆಟ್ಟಿಲು ಎಷ್ಟು ಎತ್ತರ ಇದೆ ಅಂತ ಅಳೆದು ಫೋನ್ ಮಾಡು. ಸೇಡಂನಲ್ಲಿ ನನಗೆ ಗುರುತಿನ ಗೌಂಡಿ ಇದ್ದಾನೆ. ಸಿಮೆಂಟಿನ ಖರ್ಚು ನನ್ನದು. ಮೇಲೆ ನುಣುಪು ಶಹಾಬಾದ ಫರಸಿ ಕಲ್ಲು ಮಾತ್ರ ಹಾಕಿಸಬೇಡ, ಮಳೆಯಲ್ಲಿ ಜಾರುತ್ತದೆ.

ನಿನ್ನ ಕಾಕಾ