ಮಗಳಿಗೊಂದು ಪತ್ರ: ಹಳೆಯ ನಕ್ಷತ್ರದ ಹೊಸ ಹೆಸರು

ಪ್ರೀತಿಯ ಮಗಳೇ,

ನಕ್ಷತ್ರವೊಂದು ಸಿಡಿದು ನಾಶವಾಗುವುದಕ್ಕೆ ಸೂಪರ್‌ನೋವಾ ಎನ್ನುತ್ತಾರಲ್ಲ, ಸಾವಿಗೆ ‘ಹೊಸದು’ ಎಂಬ ಹೆಸರೇಕೆ ಎಂದು ನೀನು ಕೇಳಿದ್ದೆ. ಫೋನಿನಲ್ಲಿ ಎರಡು ಮಾತಿಗೆ ಮುಗಿಸಲು ಮನಸ್ಸಾಗಲಿಲ್ಲ.

‘ನೋವಾ’ ಲ್ಯಾಟಿನ್ ಪದ. ನವವಧು, ನವೋದಯಗಳಲ್ಲಿರುವ ‘ನವ’ವೂ ಅದೂ ಒಂದೇ ಬೇರಿನವು. ‘ನೋವಾ ಸ್ಟೆಲ್ಲಾ’ ಎಂದರೆ ಹೊಸ ನಕ್ಷತ್ರ. ಆ ‘ಸ್ಟೆಲ್ಲಾ’ ಕೂಡ ನಮ್ಮ ‘ತಾರೆ’ಯ ಬಳಗದ್ದೇ.

1572ರ ನವೆಂಬರ್‌ನಲ್ಲಿ ಡೆನ್ಮಾರ್ಕಿನ ಟೈಕೋ ಬ್ರಾಹೆ ಕ್ಯಾಸಿಯೋಪಿಯಾ ನಕ್ಷತ್ರಪುಂಜದಲ್ಲಿ ಅಲ್ಲಿರಬಾರದ ಒಂದು ಬೆಳಕನ್ನು ಕಂಡ. ಅವನಿಗಾಗ 25 ವರ್ಷ. ಅದು ಶುಕ್ರನಷ್ಟು ಪ್ರಖರವಾಗಿತ್ತು, ಹಗಲಿನಲ್ಲೂ ಕಾಣುತ್ತಿತ್ತು. ಚಂದ್ರನಿಂದಾಚೆಗಿನ ಆಕಾಶದಲ್ಲಿ ಏನೂ ಹುಟ್ಟುವುದಿಲ್ಲ, ಏನೂ ಅಳಿಯುವುದಿಲ್ಲ ಎಂಬುದು ಅರಿಸ್ಟಾಟಲ್‌ನಿಂದ ಬಂದ ನಂಬಿಕೆ. ಟೈಕೋ ವಾದಕ್ಕಿಳಿಯಲಿಲ್ಲ, ಅಳೆದ. ಬೆಳಕು ಚಂದ್ರನಷ್ಟು ಸಮೀಪದಲ್ಲಿದ್ದರೆ ರಾತ್ರಿ ಕಳೆಯುವಷ್ಟರಲ್ಲಿ ಹಿಂದಿನ ನಕ್ಷತ್ರಗಳೆದುರು ಅದರ ಸ್ಥಾನ ತುಸು ಸರಿದಂತೆ ಕಾಣಬೇಕು. ಅದು ಕದಲಲಿಲ್ಲ. ದೂರದರ್ಶಕವೇ ಇಲ್ಲದ ಕಾಲದಲ್ಲಿ, ಬರಿಗಣ್ಣು ಮತ್ತು ಕೋನ ಅಳೆಯುವ ಸಾಧನಗಳಿಂದ ಸಿಕ್ಕ ಉತ್ತರವಿದು! ಮರುವರ್ಷ ಅವನು ಬರೆದ ಪುಸ್ತಕದ ಶೀರ್ಷಿಕೆಯಲ್ಲಿದ್ದ ‘ನೋವಾ’ ಹೀಗೆ ಖಗೋಳಶಾಸ್ತ್ರದಲ್ಲಿ ನೆಲೆಯೂರಿತು.

ಆದರೆ ಅವನು ಕಂಡದ್ದು ಇಂಧನ ತೀರಿ, ಕುಗ್ಗಿ ದಟ್ಟವಾಗಿ ‘ಶ್ವೇತಕುಬ್ಜ’ವಾಗಿದ್ದ ಮುದಿ ನಕ್ಷತ್ರದ ಕೊನೆಯ ಸ್ಫೋಟ. ಮೊದಲು ಕಣ್ಣಿಗೆ ಬೀಳದಷ್ಟು ಮಂಕಾಗಿದ್ದುದರಿಂದ ಹೊಸದೆನಿಸಿತು, ಅಷ್ಟೇ. 1054ರಲ್ಲಿ ಇಂಥದ್ದೇ ಬೆಳಕನ್ನು ದಾಖಲಿಸಿದ ಚೀನಾದವರು ಅದನ್ನು ‘ಅತಿಥಿ ನಕ್ಷತ್ರ’ ಎಂದರು. ಬಂದದ್ದನ್ನೂ ಹೋದದ್ದನ್ನೂ ಒಟ್ಟಿಗೆ ಹೇಳುವ ಆ ಹೆಸರೇ ನನಗೆ ಹೆಚ್ಚು ಇಷ್ಟ.

‘ಸೂಪರ್’ ಸೇರಿದ್ದು 1930ರ ದಶಕದಲ್ಲಿ. ಸಾಮಾನ್ಯ ನೋವಾದ ತೀವ್ರತೆಯನ್ನು ಬಹಳವಾಗಿ ಮೀರಿಸುವ ಸ್ಫೋಟಗಳೂ ಇವೆ ಎಂದು ಗುರುತಿಸಿದ ಖಗೋಳಜ್ಞರಾದ ಬಾಡೆ ಮತ್ತು ಜ್ವಿಕಿ ಅವುಗಳಿಗೆ ಬೇರೆ ಹೆಸರು ಕೊಟ್ಟರು. ಇಂದಿನ ಅರ್ಥದಲ್ಲಿ ನೋವಾ ಎಂದರೆ ಸಾವಲ್ಲ. ಶ್ವೇತಕುಬ್ಜವು ಜೊತೆಗಾರ ನಕ್ಷತ್ರದಿಂದ ಸೆಳೆದುಕೊಂಡ ಹೈಡ್ರೋಜನ್ ಮೇಲ್ಮೈಯಲ್ಲಿ ಶೇಖರವಾಗಿ ಒಮ್ಮೆಲೇ ಹೊತ್ತಿಕೊಳ್ಳುತ್ತದೆ. ನಕ್ಷತ್ರ ಉಳಿಯುತ್ತದೆ, ಮತ್ತೆ ಶೇಖರಣೆ ಶುರುವಾಗುತ್ತದೆ.

ಕರೋನಾ ಬೋರಿಯಾಲಿಸ್ ಪುಂಜದ ಒಂದು ನಕ್ಷತ್ರ 1866ರಲ್ಲಿ, ಮತ್ತೆ 1946ರಲ್ಲಿ ಹೀಗೆ ಹೊತ್ತಿಕೊಂಡಿತ್ತು. ಮುಂದಿನ ಸರದಿ ಹತ್ತಿರವಾಗಿದೆ ಎಂದು ಖಗೋಳಜ್ಞರು ಕಾಯುತ್ತಿದ್ದಾರೆ. ಆಗ ಅದು ಸುಮಾರು ಧ್ರುವ ನಕ್ಷತ್ರದಷ್ಟು ಹೊಳೆಯಬಹುದು, ಆದರೆ ಕೆಲವೇ ದಿನ. ಸ್ವಾತಿ ನಕ್ಷತ್ರದ ಪೂರ್ವಕ್ಕೆ ಅರ್ಧವೃತ್ತವಾಗಿ ಬಾಗಿದ ಸಣ್ಣ ಸಾಲನ್ನು ಈಗಲೇ ಗುರುತು ಮಾಡಿಕೊಂಡಿರು. ಅದರ ಪಕ್ಕದಲ್ಲಿ ಹೆಚ್ಚಿನದೊಂದು ನಕ್ಷತ್ರ ಕಂಡರೆ, ಎಷ್ಟು ಹೊತ್ತಾಗಿದ್ದರೂ ನನ್ನನ್ನು ಎಬ್ಬಿಸು.

ನಿನ್ನ ಪ್ರೀತಿಯ
ಅಪ್ಪ