ಸೀರೆಗೆ ತೋಳಿಲ್ಲ

"ಸೀರೆಗೆ ತೋಳೇ ಇಲ್ಲವಲ್ಲಮ್ಮ, ಕೋಲು ಎಲ್ಲಿ ತೂರಿಸ್ತೀಯ?"

ಮಗಳು ಹೀಗೆ ಕೇಳಿದ್ದು ಕಳೆದ ಭಾನುವಾರ. ಅವತ್ತಿನಿಂದ ಸಂಪಾದಕೀಯಕ್ಕೆ ಬೇರೆ ವಿಷಯವೇ ಹೊಳೆಯುತ್ತಿಲ್ಲ. ನಮ್ಮ ಕನ್ನಡ ಸಂಘದ ಸುದ್ದಿಪತ್ರ ನಾಳೆ ಬೆಳಿಗ್ಗೆ ಹೋಗಬೇಕು. ಈಗ ರಾತ್ರಿ ಹನ್ನೊಂದೂವರೆ. "ಎಲ್ಲಿಗೆ ಬಂತು?" ಅಂತ ಅಧ್ಯಕ್ಷರ ವಾಟ್ಸಾಪ್ ಮೂರು ಸಲ ಬಂದಿದೆ. ಇಲ್ಲಿಗೆ ಬಂತು ಸಾರ್.

ನಮ್ಮ ಎದುರು ಮನೆಯ ಮಕ್ ಚಿಕ್ (ಮಲಯದಲ್ಲಿ ಹಿರಿಯ ಹೆಂಗಸರನ್ನು ಹೀಗೆ ಕರೆಯುತ್ತಾರೆ) ಕೌಲಾಲಂಪುರ ಬಿಟ್ಟು ತೆರೆಂಗಾನುವಿಗೆ, ಮಗನ ಮನೆಗೆ ಹೊರಟುಹೋದರು. ಹನ್ನೊಂದು ವರ್ಷ ಒಂದೇ ಕಾರಿಡಾರಿನಲ್ಲಿದ್ದೆವು. ಹೋಗುವಾಗ ಎರಡು ಪೊಟ್ಟಣ ಕೆರೊಪೊಕ್ ಅನ್ನುವ ಹಪ್ಪಳ, ಒಂದು ಕೋಲು ಕೊಟ್ಟರು. ಕೆರೊಪೊಕ್ ಮೂರೇ ದಿನಕ್ಕೆ ಖಾಲಿ. ಕೋಲು ಇದೆ.

ಅವರ ಮನೆಗೆ ಹೋದವರಿಗೆ ಆ ಕೋಲು ಗೊತ್ತಿರುತ್ತದೆ. ಬೇರೆಯವರು ಟಿವಿ ಇಡುವ ಗೋಡೆಯಲ್ಲಿ ಅವರ ಅಮ್ಮನ ಮದುವೆಯ ಬಾಜು ಕುರುಂಗ್ ಇತ್ತು, ಮಲಯ ಹೆಂಗಸರು ಲಂಗದ ಮೇಲೆ ತೊಡುವ ಸಡಿಲ ನಿಲುವಂಗಿ. ನೇರಳೆ ಬಣ್ಣದ ಸೊಂಗ್‌ಕೆಟ್ ಅನ್ನುವ ಜರಿ ನೇಯ್ಗೆ, ಮೈತುಂಬ ಬಂಗಾರದ ಎಳೆಯ ಹೂ. ಒಂದು ತೋಳಿನಿಂದ ಇನ್ನೊಂದು ತೋಳಿಗೆ ಕೋಲು ತೂರಿಸಿ, ಎರಡು ಮೊಳೆಯ ಮೇಲೆ ಕೂರಿಸಿದ್ದರು. ಅಂಗಿ ಕೈ ಚಾಚಿ ಬಾ ಅನ್ನುವ ಹಾಗೆ ಕಾಣುತ್ತಿತ್ತು. ಹ್ಯಾಂಗರಿಗೆ ಹಾಕಿದರೆ ಭಾರವೆಲ್ಲ ಎರಡು ಕಡೆ ಬಿದ್ದು ಹಳೇ ಬಟ್ಟೆ ಅಲ್ಲೇ ಸೀಳುತ್ತದಂತೆ. ಕೋಲಾದರೆ ಉದ್ದಕ್ಕೂ ಹಂಚಿಹೋಗುತ್ತದೆ. ಅದೂ ಅಲ್ಲದೆ ಹಳೇ ಕ್ರಮದ ಕುರುಂಗ್‌ಗೆ ಭುಜದ ಹೊಲಿಗೆಯೇ ಇಲ್ಲ. ಎದೆ, ಬೆನ್ನು ಎರಡೂ ಒಂದೇ ಬಟ್ಟೆ. ಮಡಿಸಿ ಕತ್ತು ಕತ್ತರಿಸುವುದು, ಅಷ್ಟೇ. ಅದರ ಸೊಂಗ್‌ಕೆಟ್ ಲಂಗವನ್ನು ಮಾತ್ರ ಅವರು ತೂಗುಹಾಕಲಿಲ್ಲ, ಮಡಿಸಲೂ ಇಲ್ಲ. ರಟ್ಟಿನ ಕೊಳವೆಗೆ ಸುತ್ತಿ ಹಳೇ ಹತ್ತಿ ಬಟ್ಟೆ ಹೊದಿಸಿ ಇಡುತ್ತಿದ್ದರು. ಮಡಿಕೆ ಬಿದ್ದ ಕಡೆ ಜರಿ ಮುರಿಯುತ್ತದೆ. ಈ ಊರಿನ ತೇವಕ್ಕೆ ಬೂಷ್ಟು ಬೇರೆ. ಜರಿ ಸೀರೆ ತಂದು ಸೂಟ್‌ಕೇಸಿನಲ್ಲಿ ಮರೆತವರಿಗೆ ಇದು ಗೊತ್ತು. ನನಗಂತೂ ಚೆನ್ನಾಗಿಯೇ ಗೊತ್ತು.

ನಾಲ್ಕು ವರ್ಷದ ಹಿಂದೆ ಅಮ್ಮ ಧಾರವಾಡದಿಂದ ಬಂದಿದ್ದಳು. ಅದು ರಾಯ, ಅಂದರೆ ರಂಜಾನ್ ಹಬ್ಬದ ಸಮಯ. ಮಕ್ ಚಿಕ್ ಮನೆಯವರೆಲ್ಲ ಆ ವರ್ಷ ತಿಳಿಹಸಿರು. ರಾಯಕ್ಕೆ ಇಡೀ ಮನೆ ಒಂದೇ ಬಣ್ಣ ಉಡುವುದು, ಸೆದೊಂಡೊನ್ ಅನ್ನುವುದು, ನೀವೂ ನೋಡಿದ್ದೀರಿ. ಮಗಳಿಗೆ ಆಗ ಆರು ವರ್ಷ. ತನಗೂ ತಿಳಿಹಸಿರು ಕುರುಂಗೇ ಬೇಕು ಅಂತ ನೆಲದ ಮೇಲೆ ಉರುಳಾಡಿದಳು. ಟೈಲರುಗಳೆಲ್ಲ ಆರ್ಡರ್ ನಿಲ್ಲಿಸಿ ಎಷ್ಟೋ ದಿನ ಆಗಿತ್ತು. "ಬಟ್ಟೆ ತಾ, ನೀನೇ ಹೊಲಿ, ನಾನು ಹೇಳಿಕೊಡ್ತೀನಿ" ಅಂದರು ಮಕ್ ಚಿಕ್. ಬಟ್ಟೆ ಅಂಗಡಿಗಳ ಬೀದಿ ಜಲಾನ್ ತುವಾಂಕು ಅಬ್ದುಲ್ ರಹಮಾನ್‌ಗೆ ಹೋಗಿ ಎರಡೂವರೆ ಮೀಟರ್ ತಂದೆ. ನನ್ನಂಥವರಿಗಾದರೆ ನಾಲ್ಕು ಮೀಟರ್ ಬೇಕು.

ಅವರು ಟೇಪು ಮುಟ್ಟಲಿಲ್ಲ. ಗೇಣಿನಲ್ಲಿ ಅಳೆದರು. ಮಲಯದಲ್ಲಿ ಜೆಂಗ್ಕಲ್ ಅಂದರೆ ಗೇಣು. ಮೊಳಕ್ಕೆ ಹಸ್ತ ಅಂತಾರೆ! ರೇಷ್ಮೆಗೆ ಸುತೆರಾ, ಅದು ನಮ್ಮ ಸೂತ್ರ. ಸಾರೊಂಗಿನಲ್ಲಿ ಬೇರೆ ವಿನ್ಯಾಸದ ಒಂದು ಅಗಲ ಪಟ್ಟಿ ಇರುತ್ತದಲ್ಲ, ಅದಕ್ಕೆ ಕೆಪಾಲ, ಅಂದರೆ ತಲೆ. ಉಳಿದದ್ದು ಬದನ್, ಮೈ. ಅಮ್ಮನಿಗೆ ಹೇಳಿದರೆ "ಮತ್ತ? ನಮ್ಮ ಸೀರಿಗೂ ಒಡಲು, ಸೆರಗು ಇಲ್ಲೇನು?" ಅಂದಳು. ಅದರಲ್ಲೇನು ಆಶ್ಚರ್ಯ ಅನ್ನುವ ಮುಖ.

ಕತ್ತಿನ ಸುತ್ತ ಕೈಹೊಲಿಗೆ ಹಾಕಬೇಕು. ತುಲಾಂಗ್ ಬೆಲುತ್, ಹಾವುಮೀನಿನ ಮೂಳೆ ಅಂತ ಹೆಸರು. ಒತ್ತೊತ್ತಾಗಿ, ಒಂದೇ ಸಮ. ನನ್ನದು ಮೂಳೆ ಮುರಿದ ಮೀನಾಯಿತು. ಮಕ್ ಚಿಕ್ ಬಿಚ್ಚಿ ತಾವೇ ಹಾಕಿಕೊಟ್ಟರು. ಅಮ್ಮ ಅದನ್ನು ಕೈಗೆ ತೆಗೆದುಕೊಂಡವಳೇ ಹಿಂದುಮುಂದು ತಿರುವಿದಳು. "ಗಂಟೇ ಇಲ್ಲ ನೋಡು. ಭಾಳ ಶಾಣ್ಯಾ ಹೆಣ್ಮಗಳು." ಆಮೇಲೆ ಒಳಗೆ ಹೋಗಿ ತನ್ನ ಕಸೂತಿ ಕುಪ್ಪಸ ತಂದಳು. ಗವಂತಿ, ಮುರ್ಗಿ ಹೊಲಿಗೆ ಎಳೆ ಎಣಿಸಿ ಹಾಕಿದ್ದು, ಅದಕ್ಕೂ ಗಂಟಿಲ್ಲ. ಮಕ್ ಚಿಕ್ ಕೂಡ ಮೊದಲು ನೋಡಿದ್ದು ಹಿಂಭಾಗವನ್ನೇ. "ಹಾಲುಸ್, ಹಾಲುಸ್" ಅಂದರು. ಬಲು ನಾಜೂಕು ಅಂತ. ಅಮ್ಮ ಎದ್ದು ಅಡುಗೆಮನೆಗೆ ಹೋಗಿ ಒಂದು ಲೋಟ ಹಾಲು ಬಿಸಿಮಾಡಿ ತಂದಿಟ್ಟಳು. ಉಪವಾಸದ ದಿನ, ಮಧ್ಯಾಹ್ನ ಮೂರು ಗಂಟೆ! ಮಕ್ ಚಿಕ್ ನಗು ತಡೆಯಲಾರದೆ ಗೋಡೆ ಹಿಡಿದುಕೊಂಡರು. ಸಂಜೆ ಉಪವಾಸ ಬಿಡುವಾಗ ಅದೇ ಹಾಲಿಗೆ ಖರ್ಜೂರ ಹಾಕಿ ಕುಡಿದರು.

ಇಷ್ಟಾದರೂ ಹಬ್ಬದ ದಿನ ನನ್ನ ಮಾನ ಹೋಯಿತು. ಕಂಕುಳಲ್ಲಿ ಕೂರಿಸಲು ಕೆಕೆಕ್ ಅಂತ ಎರಡು ಪುಟ್ಟ ಚೌಕ ತುಂಡು ಕತ್ತರಿಸಿದ್ದರು. ತೋಳಿಗೂ ಪೆಸಕ್ ಅನ್ನುವ ಪಕ್ಕದ ಪಟ್ಟಿಗೂ ನಡುವೆ ಅದಿದ್ದರೆ ಕೈ ಎತ್ತಲು ಸಲೀಸು. ನಾನು ಚಿಂದಿ ಅಂದುಕೊಂಡು ಕಸಕ್ಕೆ ಹಾಕಿದ್ದೆ. ಮಗಳು ರೆಂಡಾಂಗ್ ಅನ್ನುವ ಹಬ್ಬದ ಅಡುಗೆಯ ತಟ್ಟೆಗೆ ಕೈ ಚಾಚಿದ್ದೇ ತಡ, ಪರ್ ಅಂತು, ಎರಡೂ ಕಡೆ. ತಿಳಿಹಸಿರು ಬಟ್ಟೆ ಒಂದು ಚೂರೂ ಉಳಿದಿರಲಿಲ್ಲ. ಅಮ್ಮ ಪೆಟ್ಟಿಗೆಯಿಂದ ಗುಳೇದಗುಡ್ಡದ ಕೆಂಪು ಖಣ ತೆಗೆದಳು. ಮಕ್ ಚಿಕ್ ಕತ್ತರಿಸಿದರು, ಅಮ್ಮ ಹೊಲಿದಳು. ನಾನು ಸೂಜಿಗೆ ದಾರ ಪೋಣಿಸಿದೆ.

ಅಮ್ಮ ಈಗಿಲ್ಲ. ಊರಿಗೆ ಹೋಗುವಾಗ ಇಲ್ಲೇ ಬಿಟ್ಟುಹೋದ ಇಳಕಲ್ ಸೀರೆ ಸೂಟ್‌ಕೇಸಿನಲ್ಲಿದೆ. ಮಡಿಕೆ ಬದಲಿಸಿ ಎರಡು ವರ್ಷವಾಯಿತು. ಅದನ್ನು ಮಕ್ ಚಿಕ್ ಕೋಲಿಗೆ ಹಾಕೋಣ ಅಂದಾಗಲೇ ಮಗಳು ಆ ಪ್ರಶ್ನೆ ಕೇಳಿದ್ದು.

ಈಗ ಗಡಿಬಿಡಿಯಲ್ಲಿ ಸೂಚನೆಗಳು. ಗಣೇಶನ ಹಬ್ಬ ಈ ಸಲವೂ ಅದೇ ಹಾಲ್‌ನಲ್ಲಿ. ಊಟದ ಕೂಪನ್ ಮೊದಲೇ ತೆಗೆದುಕೊಳ್ಳಿ, ಹೋದ ವರ್ಷ ಚಿತ್ರಾನ್ನ ಸಾಲದೆ ಏನಾಯಿತು ಅಂತ ನೆನಪಿದೆಯಲ್ಲ. ಕನ್ನಡ ಕಲಿ ತರಗತಿ ಇನ್ನು ಮೇಲಿನ ಮಹಡಿಗೆ, ಕೆಳಗೆ ಎಸಿ ಕೆಟ್ಟಿದೆ. ಮಲೇಷಿಯಾ ದಿನ, ಸೆಪ್ಟೆಂಬರ್ 16ರ ರಜೆಗೆ ಮಕ್ಕಳನ್ನು ಮೆರ್ಡೆಕಾ ಚೌಕದ ಹತ್ತಿರದ ರಾಷ್ಟ್ರೀಯ ಜವಳಿ ಮ್ಯೂಸಿಯಮ್‌ಗೆ ಕರೆದುಕೊಂಡು ಹೋಗುವ ಯೋಚನೆ ಇದೆ. ಸೊಂಗ್‌ಕೆಟ್ 2021ರಲ್ಲಿ, ಕೆಬಾಯ ಅನ್ನುವ ಹೆಂಗಸರ ಮುಂದೆ ತೆರೆಯುವ ಅಂಗಿ 2024ರಲ್ಲಿ ಯುನೆಸ್ಕೋದ ಪರಂಪರೆಯ ಪಟ್ಟಿಗೆ ಸೇರಿದವು. ಕೆಬಾಯ ಐದು ದೇಶ ಸೇರಿ ಕೇಳಿದ್ದು. ಯಾರದ್ದು ಅಂತ ಜಗಳವಾಡದೆ ಐದು ದೇಶ ಒಂದು ಅರ್ಜಿಗೆ ಸಹಿ ಹಾಕಬಹುದು, ನಮ್ಮ ಕಮಿಟಿಗೆ ಹಾಲ್ ಬುಕಿಂಗ್ ಮೇಲೆ ಒಮ್ಮತವಿಲ್ಲ. (ಈ ವಾಕ್ಯ ತೆಗೆಯಿರಿ ಅಂತ ಫೋನ್ ಬರುತ್ತೆ, ಗೊತ್ತು. ಮಲಗಿರುತ್ತೇನೆ.)

ರಾಜ್ಯೋತ್ಸವಕ್ಕೆ ಒಂದು ಗೋಡೆ ನನಗೆ ಕೊಡಿ ಅಂತ ಕೇಳಿದ್ದೇನೆ. ನಿಮ್ಮ ಮನೆಯ ಹಳೇ ಸೀರೆ, ಖಣ, ಪಂಚೆ, ಕೌದಿ ತನ್ನಿ. ಇಲ್ಲಿ ಹೊಲಿಸಿದ ಕುರುಂಗ್, ಗಂಡಸರ ಬಾಜು ಮೆಲಾಯು ಇದ್ದರೂ ತನ್ನಿ. ಕೋಲು, ಮೊಳೆ, ಏಣಿ ಹಿಡಿಯುವವರು ಬೇಕು. ಸೂಜಿ ಹಿಡಿಯುವವರು ಇನ್ನೂ ಬೇಕು. ಹಾಗೇ ಇನ್ನೊಂದು ಮಾತು. ಪುಟ ಜೋಡಿಸುತ್ತಿದ್ದ ಹುಡುಗ ಸಿಡ್ನಿಗೆ ಹೋದ. ಬರೆಯುವುದು, ತಿದ್ದುವುದು, ಜೋಡಿಸುವುದು ಎಲ್ಲ ನಾನೊಬ್ಬಳೇ. ಈ ಸಂಚಿಕೆ ಹೇಗೋ ಆಯಿತು. ದೀಪಾವಳಿ ಸಂಚಿಕೆ ನನ್ನ ಕೈಲಿ ಆಗಲ್ಲ. ಯಾರಾದರೂ ಒಬ್ಬರು ಫೋನ್ ಮಾಡಿ. ಸುಮ್ನೆ "ನೋಡೋಣ" ಅನ್ನಬೇಡಿ.

ಸೀರೆಯನ್ನು ಕೋಲಿಗೆ ಹೇಗೆ ಹಾಕುವುದು ಅಂತ ಗೊತ್ತಿದ್ದವರೂ ಫೋನ್ ಮಾಡಿ. ಸದ್ಯಕ್ಕೆ ಅದರಲ್ಲಿ ಮಗಳ ಆ ತಿಳಿಹಸಿರು ಕುರುಂಗ್ ತೂರಿಸಿದ್ದೇವೆ. ಕೈ ಎರಡೂ ಅಗಲಿಸಿ ನಿಂತಿದೆ. ಕಂಕುಳಲ್ಲಿ ಕೆಂಪು ಖಣ ಎದ್ದು ಕಾಣುತ್ತದೆ.