ಮೊದಲು ಕಥೆ ಗಟ್ಟಿಯಾಗಲಿ

ಚಿ. ಪುಟ್ಟಿಗೆ ನಿನ್ನ ಸೋದರಮಾವನ ಆಶೀರ್ವಾದಗಳು.

ನಿನ್ನ ನಾಟಕ ನಿನ್ನೆ ರಾತ್ರಿ ಓದಿ ಮುಗಿಸಿದೆ. ಮಾತು ಚೆನ್ನಾಗಿದೆ. ಅಜ್ಜಿಯ ಪಾತ್ರವಂತೂ ಕಣ್ಣಿಗೆ ಕಟ್ಟಿತು. ಆದರೆ ಬೆಳಕು ಹೇಗಿರಬೇಕು, ಪರದೆ ಯಾವ ಬಣ್ಣ ಅಂತ ನಾಲ್ಕು ಪುಟ ಬರೆದಿದ್ದೀಯ. ಅಜ್ಜಿ ಮನೆ ಬಿಟ್ಟು ಯಾಕೆ ಹೋದಳು ಅನ್ನೋದು ಒಂದೇ ಸಾಲಿನಲ್ಲಿ ಮುಗಿದುಹೋಗಿದೆ. ಬೇಜಾರು ಮಾಡ್ಕೋಬೇಡ. ಹೊಸಬರಿಗೆ ಮಾತು, ಪಾತ್ರ ಬೇಗ ಒಲಿಯುತ್ತವೆ, ಕಥೆ ಕಟ್ಟುವುದು ತಡವಾಗಿ ಕೈಹತ್ತುತ್ತದೆ ಅಂತ ಗ್ರೀಸಿನ ತತ್ವಜ್ಞಾನಿ ಅರಿಸ್ಟಾಟಲ್ ಸುಮಾರು 2,300 ವರ್ಷದ ಹಿಂದೆಯೇ ಹೇಳಿದ್ದಾನೆ.

ಕಾವ್ಯ, ನಾಟಕಗಳ ಬಗ್ಗೆ ಅವನು ಬರೆದ ‘ಪೊಯೆಟಿಕ್ಸ್’ನಲ್ಲಿ ದುರಂತ ನಾಟಕಕ್ಕೆ 6 ಅಂಗ: ಕಥೆಯ ಕಟ್ಟು, ಪಾತ್ರ, ವಿಚಾರ, ಮಾತು, ಹಾಡು, ಕಣ್ಣಿಗೆ ಕಾಣುವ ನೋಟ. ಕಥೆಯ ಕಟ್ಟೇ ನಾಟಕದ ಜೀವ ಅನ್ನುತ್ತಾನೆ. ನೋಟ ಕೊನೆಗೆ. ಅದು ಜನರನ್ನು ಸೆಳೆಯುತ್ತದೆ ನಿಜ, ಆದರೆ ಕವಿಯ ಕೆಲಸಕ್ಕೆ ಅದರ ನಂಟು ಕಡಿಮೆ. ಈಡಿಪಸನ ಕಥೆಯನ್ನು ಬರೀ ಕಿವಿಯಿಂದ ಕೇಳಿದವನಿಗೂ ಮೈ ನಡುಗಬೇಕಂತೆ.

ಈಡಿಪಸನ ಮೇಲೆ ಗ್ರೀಕ್ ನಾಟಕಕಾರ ಸೋಫೋಕ್ಲಿಸ್ ಬರೆದ ನಾಟಕದ ಒಂದು ಕಡೆ ನೋಡು. ಅಪ್ಪನನ್ನು ಕೊಲ್ಲುತ್ತೀಯ, ತಾಯಿಯನ್ನೇ ಮದುವೆಯಾಗುತ್ತೀಯ ಅನ್ನುವ ದೈವವಾಣಿಗೆ ಹೆದರಿ, ತಾನು ರಾಜನ ಮಗನಾಗಿ ಬೆಳೆದ ಕೊರಿಂಥ್ ಊರನ್ನೇ ಬಿಟ್ಟವನು ಈಡಿಪಸ್. ಅಲ್ಲಿಂದ ಒಬ್ಬ ಮುದುಕ ಬಂದು, ನಿನ್ನ ಅಪ್ಪ ತೀರಿಕೊಂಡ, ಇನ್ನು ರಾಜ್ಯ ನಿನ್ನದೇ ಅನ್ನುತ್ತಾನೆ. ಸರಿ, ತಾಯಿಯ ಭಯ ಒಂದು ಉಳಿಯಿತಲ್ಲ? ಅದನ್ನೂ ಕಳೆಯೋಣ ಅಂತ ಮುದುಕ ಬಾಯಿಬಿಡುತ್ತಾನೆ: ನೀನು ಅವರ ಮಗನೇ ಅಲ್ಲಪ್ಪ, ಕಿಥೈರಾನ್ ಬೆಟ್ಟದಲ್ಲಿ ಕುರಿ ಕಾಯುವವನೊಬ್ಬ ನಿನ್ನನ್ನು ನನ್ನ ಕೈಗಿಟ್ಟ, ಆಗ ನಿನ್ನ ಎರಡೂ ಕಾಲು ಚುಚ್ಚಿ ಕಟ್ಟಿದ್ದರು. ಧೈರ್ಯ ಹೇಳೋಕೆ ಆಡಿದ ಮಾತೇ ಮನೆ ಮುರಿಯಿತು. ಪಕ್ಕದಲ್ಲಿದ್ದ ಹೆಂಡತಿ ಜೊಕಾಸ್ಟಳಿಗೆ, ಅವನನ್ನು ಹೆತ್ತವಳೂ ತಾನೇ ಅಂತ ಗಂಡನಿಗಿಂತ ಮೊದಲೇ ತಿಳಿಯುತ್ತದೆ. ಇನ್ನು ಕೆದಕಬೇಡ ಅಂತ ಬೇಡಿಕೊಂಡು ಒಳಗೆ ಹೋಗಿಬಿಡುತ್ತಾಳೆ. ಎಷ್ಟು ಸಲ ಓದಿದರೂ ಇಲ್ಲಿ ನನಗೆ ಗಂಟಲು ಕಟ್ಟುತ್ತದೆ. ಕಥೆ ತಿರುವುಮುರುವಾಗುವುದು, ಸತ್ಯದ ಗುರುತು ಹತ್ತುವುದು, ಎರಡೂ ಇಲ್ಲಿ ಕೂಡಿಬಂದಿವೆ ಅಂತಲೇ ಅರಿಸ್ಟಾಟಲ್ ಇದನ್ನು ಮೆಚ್ಚಿದ್ದು.

ಒಂದು ಆದಮೇಲೆ ಇನ್ನೊಂದು ಆಗುವುದು ಬೇರೆ, ಒಂದರಿಂದ ಇನ್ನೊಂದು ಆಗುವುದು ಬೇರೆ, ಅಲ್ವಾ? ನಿನ್ನ ಮೂರನೇ ದೃಶ್ಯವನ್ನು ತೆಗೆದು ಓದಿದೆ, ಏನೂ ಕಡಿಮೆ ಅನಿಸಲಿಲ್ಲ. ಹಾಗಿದ್ದರೆ ಅದು ಬೇಡ.

ಈಗ ಹೆಸರು, ಬೆಳಕು ಎಲ್ಲ ಪಕ್ಕಕ್ಕಿಡು. ಬರೀ ಕಥೆಯನ್ನು ಹತ್ತು ಸಾಲಿನಲ್ಲಿ ಬರೆದು ಕಳಿಸು. ಅರಿಸ್ಟಾಟಲ್ ಹೋಮರನ ಮಹಾಕಾವ್ಯ ‘ಒಡಿಸ್ಸಿ’ಯ ಕಥೆಯನ್ನೇ ಕೆಲವು ಸಾಲಿನಲ್ಲಿ ಹೇಳಿ ತೋರಿಸಿದ್ದಾನೆ. ಅಜ್ಜಿ ಹೊಸ್ತಿಲು ದಾಟುವ ಮುಂಚೆ ಅವಳ ಕಿವಿಗೆ ಬಿದ್ದ ಮಾತು ಯಾವುದು, ಯಾರು ಆಡಿದ್ದು, ಅದು ಆ ಹತ್ತರೊಳಗೆ ಇರಲಿ.

ನಿನ್ನ ಮಾವ